ಆಗಸ್ಟ್ ಫ್ರೂಹಾಫ್

ಆಗಸ್ಟ್ ಚಾರ್ಲ್ಸ್ ಫ್ರೂಹಾಫ್ (1868–1930) ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ರಾಜ್ಯದ ಕಮ್ಮಾರ, ಗಾಡಿ ತಯಾರಕ ಮತ್ತು ಉದ್ಯಮಿ. ಮೋಟಾರು ವಾಹನದ ಹಿಂಬದಿಗೆ ಜೋಡಿಸಿ ಎಳೆಯಬಹುದಾದ ಸೆಮಿ-ಟ್ರೇಲರ್ ಅನ್ನು ವಾಣಿಜ್ಯ ಸಾಗಣೆಯಲ್ಲಿ ಬಳಕೆಗೆ ತಂದ ಪ್ರಮುಖರಲ್ಲಿ ಇವರೂ ಒಬ್ಬರು. 1914ರಲ್ಲಿ ದೋಣಿಯೊಂದನ್ನು ಸಾಗಿಸಲು ಇವರು ಸಿದ್ಧಪಡಿಸಿದ ಎರಡು ಚಕ್ರಗಳ ಟ್ರೇಲರ್, ಮುಂದೆ ಅಮೆರಿಕದ ಅತಿ ದೊಡ್ಡ ಟ್ರೇಲರ್ ತಯಾರಿಕಾ ಸಂಸ್ಥೆಗಳಲ್ಲಿ ಒಂದರ ಸ್ಥಾಪನೆಗೆ ಕಾರಣವಾಯಿತು.

ಆರಂಭಿಕ ಜೀವನ ಮತ್ತು ವೃತ್ತಿ

ಫ್ರೂಹಾಫ್ 1868ರಲ್ಲಿ ಮಿಷಿಗನ್ ರಾಜ್ಯದಲ್ಲಿ ಜರ್ಮನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಕಮ್ಮಾರಿಕೆಯನ್ನು ಕಲಿತು, ಡೆಟ್ರಾಯಿಟ್ ನಗರದಲ್ಲಿ ಕುದುರೆಗಳಿಗೆ ಲಾಳ ಕಟ್ಟುವ ಮತ್ತು ಸರಕು ಸಾಗಿಸುವ ಬಂಡಿಗಳನ್ನು ತಯಾರಿಸುವ ಉದ್ಯೋಗವನ್ನು ನಡೆಸಿದರು. ಆ ಕಾಲದಲ್ಲಿ ನಗರದ ಮರ, ಕಲ್ಲಿದ್ದಲು, ಮಂಜುಗಡ್ಡೆ ಮೊದಲಾದ ಸರಕುಗಳೆಲ್ಲ ಕುದುರೆ ಬಂಡಿಗಳಲ್ಲಿಯೇ ಸಾಗುತ್ತಿದ್ದುದರಿಂದ ಕಮ್ಮಾರರಿಗೆ ಕೆಲಸದ ಕೊರತೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸ್ಥಿತಿ ಬದಲಾಯಿತು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂದಿತು. 1913ರಲ್ಲಿ ಅದೇ ಕಂಪನಿಯು ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಅಳವಡಿಸಿದ ಮೇಲೆ ಕಾರಿನ ಬೆಲೆ ಮತ್ತಷ್ಟು ಇಳಿಯಿತು. ಕುದುರೆಯನ್ನು ಅವಲಂಬಿಸಿದ್ದ ವೃತ್ತಿಗಳ ಭವಿಷ್ಯ ಅನಿಶ್ಚಿತವಾಯಿತು. ಆಗ ಫ್ರೂಹಾಫ್ ಅವರ ವಯಸ್ಸು ನಲವತ್ತೈದರ ಆಸುಪಾಸಿನಲ್ಲಿತ್ತು.

1914ರ ಟ್ರೇಲರ್

1914ರಲ್ಲಿ ಡೆಟ್ರಾಯಿಟ್‌ನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ ತಮ್ಮ ದೋಣಿಯನ್ನು ಮಿಷಿಗನ್‌ನ ಉತ್ತರ ಭಾಗದ ಸರೋವರವೊಂದಕ್ಕೆ ಸಾಗಿಸಲು ಬಯಸಿದರು. ಕುದುರೆ ಬಂಡಿಯ ಬದಲು ತಮ್ಮ ಮಾಡೆಲ್ ಟಿ ಕಾರಿನಿಂದಲೇ ಅದನ್ನು ಎಳೆಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಸುಮಾರು 20 ಅಶ್ವಶಕ್ತಿಯ ಎಂಜಿನ್ ಹೊಂದಿದ್ದ ಆ ಕಾರಿನ ಮೇಲೆಯೇ ದೋಣಿಯನ್ನು ಹೇರುವುದು ಸಾಧ್ಯವಿರಲಿಲ್ಲ. ಫ್ರೂಹಾಫ್ ತಮ್ಮ ಸಹೋದ್ಯೋಗಿ ಓಟೊ ನ್ಯೂಮನ್ ಅವರೊಂದಿಗೆ ಸೇರಿ ಗಟ್ಟಿಮುಟ್ಟಾದ ಎರಡು ಚಕ್ರಗಳ ವಾಹನವನ್ನು ನಿರ್ಮಿಸಿ, ಅದನ್ನು ಮೂಕಿಯ ಮೂಲಕ ಕಾರಿನ ಚೌಕಟ್ಟಿನ ಹಿಂಭಾಗಕ್ಕೆ ಜೋಡಿಸಿದರು.

ದೋಣಿ ಸುರಕ್ಷಿತವಾಗಿ ಸರೋವರವನ್ನು ತಲುಪಿತು. ಈ ಪ್ರಯೋಗದಿಂದ ತೃಪ್ತರಾದ ಸಿಬ್ಲಿ, ತಮ್ಮ ಅಂಗಡಿಯ ಮರವನ್ನು ಸಾಗಿಸಲು ಹಲಗೆಯ ವೇದಿಕೆಯುಳ್ಳ ಇನ್ನಷ್ಟು ಟ್ರೇಲರ್‌ಗಳನ್ನು ಮಾಡಿಸಿಕೊಂಡರು. ಫ್ರೂಹಾಫ್ ಇವುಗಳನ್ನು ಸೆಮಿ-ಟ್ರೇಲರ್ ಎಂದು ಕರೆದರು.

ಬಂಡಿ ಮತ್ತು ಸೆಮಿ-ಟ್ರೇಲರ್

ಫ್ರೂಹಾಫ್ ಅವರ ಕೆಲಸದ ಮಹತ್ವವನ್ನು ತಿಳಿಯಲು ಈ ಎರಡು ವಾಹನಗಳ ವ್ಯತ್ಯಾಸವನ್ನು ಗಮನಿಸಬೇಕು. ನಾಲ್ಕು ಚಕ್ರಗಳ ಬಂಡಿಗೆ ಎರಡು ಅಚ್ಚುಗಳಿರುತ್ತವೆ. ಸರಕಿನ ಭಾರವನ್ನೆಲ್ಲ ಅದರ ಚಕ್ರಗಳೇ ಹೊರುತ್ತವೆ. ಎಳೆಯುವ ಕುದುರೆಯ ಮೇಲೆ ಭಾರ ಬೀಳುವುದಿಲ್ಲ. ಮುಂದಿನ ಅಚ್ಚು ಮೂಕಿಯೊಂದಿಗೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ತಿರುಗುವಾಗ ಆಧಾರವಾಗಿರಲೆಂದು ಅಚ್ಚಿನ ಮೇಲೆ ಅಡ್ಡಲಾಗಿ ಅಳವಡಿಸುತ್ತಿದ್ದ ಲೋಹದ ಬಳೆಗೆ ಐದನೆಯ ಚಕ್ರ ಎಂಬ ಹೆಸರಿತ್ತು. ಇಂದಿನ ಟ್ರೇಲರ್ ಲಾರಿಗಳ ಜೋಡಣೆಯ ತಟ್ಟೆಗೂ ಇದೇ ಹೆಸರು ಉಳಿದುಕೊಂಡಿದೆ.

ಸೆಮಿ-ಟ್ರೇಲರ್‌ಗೆ ಮುಂದಿನ ಚಕ್ರಗಳಿರುವುದಿಲ್ಲ. ಅದರ ಮುಂಭಾಗವು ಎಳೆಯುವ ವಾಹನದ ಮೇಲೆಯೇ ಕುಳಿತಿರುತ್ತದೆ. ಸರಕಿನ ಭಾರದ ಒಂದು ಪಾಲು ಆ ವಾಹನದ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಅವುಗಳಿಗೆ ನೆಲದ ಹಿಡಿತ ಹೆಚ್ಚುತ್ತದೆ. ಕುದುರೆಯು ಹೊರಬಲ್ಲುದಕ್ಕಿಂತ ಹೆಚ್ಚು ಭಾರವನ್ನು ಎಳೆಯಬಲ್ಲದು ಎಂಬುದು ಗಾಡಿ ಕೆಲಸದವರಿಗೆಲ್ಲ ತಿಳಿದ ಸಂಗತಿ. ಇದೇ ತತ್ತ್ವವು ಮೋಟಾರು ಲಾರಿಗೂ ಅನ್ವಯಿಸುತ್ತದೆ ಎಂಬುದು ಫ್ರೂಹಾಫ್ ಸಂಸ್ಥೆಯ ವ್ಯಾಪಾರದ ಮುಖ್ಯ ವಾದವಾಯಿತು.

ಹಿಂದಕ್ಕೆ ನಡೆಸುವ ಸಮಸ್ಯೆ

ಮುಂದಕ್ಕೆ ಎಳೆಯುವಾಗ ಬಂಡಿಯೂ ಟ್ರೇಲರೂ ಎಳೆಯುವ ವಾಹನವನ್ನು ತಾವಾಗಿ ಹಿಂಬಾಲಿಸುತ್ತವೆ. ಹಿಂದಕ್ಕೆ ತಳ್ಳುವಾಗ ಮಾತ್ರ ಇವುಗಳ ನಡತೆ ಭಿನ್ನವಾಗುತ್ತದೆ.

ಎರಡು ಚಕ್ರಗಳ ಟ್ರೇಲರ್ ಹಾಗೂ ಸೆಮಿ-ಟ್ರೇಲರ್‌ಗಳಲ್ಲಿ ತಿರುಗುವ ಕೀಲು ಒಂದೇ. ಚಾಲಕನು ಸ್ಟಿಯರಿಂಗ್ ಚಕ್ರವನ್ನು ಬಲಕ್ಕೆ ತಿರುಗಿಸಿ ಹಿಂದಕ್ಕೆ ಸರಿದರೆ ಟ್ರೇಲರ್‌ನ ಹಿಂಭಾಗವು ಎಡಕ್ಕೆ ಹೋಗುತ್ತದೆ. ಬೇಕಾದ ಕೋನ ದೊರೆತ ಮೇಲೆ ಚಕ್ರವನ್ನು ಮರಳಿಸಿ ಅದನ್ನು ಹಿಂಬಾಲಿಸಬೇಕು. ಗಿಡ್ಡ ಟ್ರೇಲರ್ ಬೇಗನೆ ತಿರುಗಿಬಿಡುತ್ತದೆ. ಉದ್ದನೆಯದು ನಿಧಾನವಾಗಿ ತಿರುಗುವುದರಿಂದ ತಪ್ಪನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಕೋನವು ಮಿತಿಮೀರಿದರೆ ವಾಹನ ಮತ್ತು ಟ್ರೇಲರ್ ಮಡಿಸುವ ಚಾಕುವಿನಂತೆ ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಆಗ ಮುಂದಕ್ಕೆ ಎಳೆದು ನೇರಮಾಡುವುದೊಂದೇ ಉಪಾಯ.

ನಾಲ್ಕು ಚಕ್ರಗಳ ಬಂಡಿಯಲ್ಲಿ ಕೀಲುಗಳು ಎರಡು: ಒಂದು ಮೂಕಿಯ ತುದಿಯಲ್ಲಿ, ಇನ್ನೊಂದು ಮುಂದಿನ ಅಚ್ಚಿನಲ್ಲಿ. ಸ್ಟಿಯರಿಂಗ್ ಅನ್ನು ಬಲಕ್ಕೆ ತಿರುಗಿಸಿದಾಗ ಬಂಡಿಯ ಮುಂಭಾಗವು ಎಡಕ್ಕೂ ಹಿಂಭಾಗವು ಬಲಕ್ಕೂ ಸರಿಯುತ್ತವೆ. ಹೀಗೆ ಟ್ರೇಲರ್‌ನಲ್ಲಿ ಕಲಿತ ಕೈಚಳಕ ಇಲ್ಲಿ ತಲೆಕೆಳಗಾಗುತ್ತದೆ. ಮೂಕಿಯು ಗಿಡ್ಡವಾಗಿರುವುದರಿಂದ ಚಿಕ್ಕ ತಪ್ಪೂ ಬೇಗ ದೊಡ್ಡದಾಗಿ, ಮುಂದಿನ ಅಚ್ಚು ಪೂರ್ತಿ ಅಡ್ಡಕ್ಕೆ ತಿರುಗಿ ನಿಲ್ಲುತ್ತದೆ. ನುರಿತ ಚಾಲಕರೂ ಇಂತಹ ಬಂಡಿಯನ್ನು ಹೆಚ್ಚು ದೂರ ಹಿಂದಕ್ಕೆ ನಡೆಸಲು ಕಷ್ಟಪಡುತ್ತಾರೆ. ಇಕ್ಕಟ್ಟಾದ ಅಂಗಳಗಳಲ್ಲಿ ಮತ್ತು ಗೋದಾಮುಗಳ ಬಾಗಿಲುಗಳಲ್ಲಿ ಸರಕು ಇಳಿಸಬೇಕಾದ ವ್ಯಾಪಾರಿಗಳಿಗೆ ಒಂದೇ ಕೀಲಿನ ಸೆಮಿ-ಟ್ರೇಲರ್ ಹೆಚ್ಚು ಅನುಕೂಲಕರವಾಗಲು ಇದೂ ಒಂದು ಕಾರಣ.

ಕಂಪನಿಯ ಸ್ಥಾಪನೆ ಮತ್ತು ಬೆಳವಣಿಗೆ

ಬೇಡಿಕೆ ಹೆಚ್ಚಿದಂತೆ 1918ರಲ್ಲಿ ಫ್ರೂಹಾಫ್ ಟ್ರೇಲರ್ ಕಂಪನಿಯನ್ನು ನೋಂದಾಯಿಸಲಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾರಿಗಳ ಬಳಕೆ ವ್ಯಾಪಕವಾದದ್ದು ಟ್ರೇಲರ್ ಉದ್ಯಮಕ್ಕೂ ನೆರವಾಯಿತು. ಆರಂಭದ ಟ್ರೇಲರ್‌ಗಳನ್ನು ಜೋಡಿಸಲು ಮತ್ತು ಬಿಡಿಸಲು ಕೈಯಿಂದ ಶ್ರಮಪಡಬೇಕಿತ್ತು. 1920ರ ದಶಕದಲ್ಲಿ ಕಂಪನಿಯು ಲಾರಿ ಹಿಂದಕ್ಕೆ ಸರಿದೊಡನೆ ತಾನಾಗಿ ಬೆಸೆದುಕೊಳ್ಳುವ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಇದರಿಂದ ಒಂದು ಟ್ರೇಲರ್‌ಗೆ ಸರಕು ತುಂಬುತ್ತಿರುವಾಗ ಇನ್ನೊಂದನ್ನು ಎಳೆದೊಯ್ಯುವುದು ಸುಲಭವಾಯಿತು. ದುಬಾರಿಯಾದ ಎಂಜಿನ್ ಸುಮ್ಮನೆ ನಿಲ್ಲುವ ಅವಧಿ ಕಡಿಮೆಯಾಯಿತು.

ಶ್ರೇಯಸ್ಸಿನ ಪ್ರಶ್ನೆ

ಸೆಮಿ-ಟ್ರೇಲರ್‌ನ ಏಕಮಾತ್ರ ಸಂಶೋಧಕರೆಂದು ಫ್ರೂಹಾಫ್ ಅವರನ್ನು ಕರೆಯುವುದು ಸರಿಯಲ್ಲ. ಕ್ಲೀವ್‌ಲ್ಯಾಂಡ್‌ನ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ತಮ್ಮ ಕಾರುಗಳನ್ನು ಸಾಗಿಸಲು ಇಂತಹ ವಾಹನವನ್ನು ನಿರ್ಮಿಸಿದ್ದರು. 1910ರ ದಶಕದಲ್ಲಿ ಚಾರ್ಲ್ಸ್ ಮಾರ್ಟಿನ್ ಐದನೆಯ ಚಕ್ರದ ಜೋಡಣೆಯನ್ನು ಸುಧಾರಿಸಿದರು. ಒಬ್ಬ ಗಿರಾಕಿಯ ಅಗತ್ಯದಿಂದ ಹುಟ್ಟಿದ ವಸ್ತುವನ್ನು ಸಾಮಾನ್ಯ ವ್ಯಾಪಾರಿಗಳ ಕೈಗೆ ನಿಲುಕುವಂತೆ ಮಾಡಿ, ಅದನ್ನು ಪ್ರತ್ಯೇಕ ಉದ್ಯಮವಾಗಿ ಬೆಳೆಸಿದ್ದು ಫ್ರೂಹಾಫ್ ಅವರ ಸಾಧನೆ.

ನಿಧನ ಮತ್ತು ಪರಂಪರೆ

ಫ್ರೂಹಾಫ್ 1930ರಲ್ಲಿ ನಿಧನರಾದರು. ಅಮೆರಿಕವು ಆಗ ಮಹಾ ಆರ್ಥಿಕ ಕುಸಿತದ ಆರಂಭದಲ್ಲಿತ್ತು. ಅವರ ಮಕ್ಕಳಾದ ಹಾರ್ವಿ ಮತ್ತು ರಾಯ್ ಮುಂದಿನ ದಶಕಗಳಲ್ಲಿ ಸಂಸ್ಥೆಯನ್ನು ಮುನ್ನಡೆಸಿದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸಂಸ್ಥೆಯು ಟ್ರೇಲರ್ ತಯಾರಿಕೆಯಲ್ಲಿ ಅಗ್ರಸ್ಥಾನ ಪಡೆಯಿತು. ನಂತರ ಸಾಲದ ಹೊರೆಗೆ ಸಿಲುಕಿ 1996ರಲ್ಲಿ ದಿವಾಳಿತನದ ರಕ್ಷಣೆ ಕೋರಿತು. 1997ರಲ್ಲಿ ಅದರ ಅಮೆರಿಕದ ಟ್ರೇಲರ್ ವ್ಯವಹಾರದ ಪ್ರಮುಖ ಭಾಗವನ್ನು ವಾಬಾಶ್ ನ್ಯಾಷನಲ್ ಸಂಸ್ಥೆಯು ಖರೀದಿಸಿತು.