ಸುರಪುರದ ಮೆಡೋಸ್ ಟೇಲರ್: ಸೇಡಿನ ಕಾಲದಲ್ಲಿ ಒಬ್ಬ ಕ್ರೈಸ್ತ ಅಧಿಕಾರಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ನಮ್ಮ ಕರಾವಳಿಯ ಕಥೋಲಿಕರಿಗೆ ಅಪರಿಚಿತವೇನಲ್ಲ. ಇಲ್ಲಿಂದ ಹೊರಟ ಗುರುಗಳು, ಧರ್ಮಭಗಿನಿಯರು ಆ ಕಡೆ ಸೇವೆ ಸಲ್ಲಿಸಿದ್ದಾರೆ. ಆ ಸೀಮೆಯ ಪೂರ್ವದ ಅಂಚು ದಾಟಿದರೆ ಸುರಪುರ. ಮುದ್ದೇಬಿಹಾಳದಿಂದ ತಾಳಿಕೋಟೆ, ಹುಣಸಗಿ ದಾರಿಯಾಗಿ ಹೋದವರು ಈ ಗುಡ್ಡದ ಊರಿನಲ್ಲಿ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯನ್ನು ನೋಡಿರಬಹುದು. ಅದನ್ನು ಕಟ್ಟಿಸಿದ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಅವರನ್ನು ನಾವು ಸಾಮಾನ್ಯವಾಗಿ ಕಾದಂಬರಿಕಾರರೆಂದು, ಇತಿಹಾಸಕಾರರೆಂದು ನೆನೆಯುತ್ತೇವೆ. ಆದರೆ ಅವರ ಬಾಳಿನಲ್ಲಿ ಕ್ರೈಸ್ತರಾದ ನಾವೆಲ್ಲರೂ ಆಲೋಚಿಸಬೇಕಾದ ಇನ್ನೊಂದು ಅಧ್ಯಾಯವಿದೆ. ವೈರಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಒಂದೇ ಬೈಬಲನ್ನು ಓದುವ ಜನ ಎರಡು ಉತ್ತರ ಕೊಟ್ಟ ಕಾಲ ಅದು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ಹರೆಯದಲ್ಲಿ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದರು. ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿದ್ದುದರಿಂದ ಹೈದರಾಬಾದಿನ ನಿಜಾಮರ ಸೈನ್ಯ ಸೇರಿದರು. ಜನರ ಭಾಷೆಗಳನ್ನು ಕಲಿತರು. ಠಕ್ಕರ ತಪ್ಪೊಪ್ಪಿಗೆಗಳನ್ನು ಆಧರಿಸಿ 1839ರಲ್ಲಿ ಅವರು ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಅವರ ಪತ್ನಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು. ಪಾಮರ್ ಅವರ ತಾಯಿ ಮುಸ್ಲಿಂ ಕುಲೀನ ಮನೆತನದ ಮಹಿಳೆ. 1844ರಲ್ಲಿ ಮೇರಿ ತೀರಿಕೊಂಡರು.

1841ರಲ್ಲಿ ಸುರಪುರದ ಬೇಡ ನಾಯಕರ ಸಂಸ್ಥಾನದಲ್ಲಿ ಉತ್ತರಾಧಿಕಾರದ ಗೊಂದಲ ಎದ್ದಾಗ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಟೇಲರ್ ಅವರನ್ನು ಅಲ್ಲಿಗೆ ಕಳುಹಿಸಿದರು. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಆಗ ಎಳೆಯ ಹುಡುಗ. ಹುಡುಗ ಪ್ರಾಯಕ್ಕೆ ಬರುವ 1853ರವರೆಗೆ ಸಂಸ್ಥಾನದ ಆಡಳಿತ ಟೇಲರ್ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಅವರು ಸಾಲ ತೀರಿಸಿದರು, ಕಂದಾಯವನ್ನು ಕ್ರಮಕ್ಕೆ ತಂದರು, ಬೋನ್ಹಾಳದ ದೊಡ್ಡ ಕೆರೆಯನ್ನು ಸುಧಾರಿಸಿದರು. ಜನ ಅವರನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲರಾಜನಂತೂ ಅಪ್ಪ ಎಂದೇ ಕರೆಯುತ್ತಿದ್ದ. ಈ ಸಂಬೋಧನೆಯನ್ನು ಓದುಗರು ನೆನಪಿನಲ್ಲಿಡಬೇಕು.

ಸುರಪುರ ಬಿಟ್ಟ ಟೇಲರ್ ಇಂಡಿಯ ಉತ್ತರಕ್ಕಿರುವ ನಳದುರ್ಗದ ಜಿಲ್ಲೆಯನ್ನು ನಾಲ್ಕು ವರ್ಷ ನೋಡಿಕೊಂಡರು. ಅಷ್ಟರಲ್ಲಿ 1857 ಬಂದಿತು.

ಆ ವರ್ಷ ಉತ್ತರ ಭಾರತದಲ್ಲಿ ಸಿಪಾಯಿಗಳು ಬಂಡೆದ್ದರು. ದೆಹಲಿ, ಕಾನ್ಪುರಗಳಲ್ಲಿ ಇಂಗ್ಲಿಷ್ ಹೆಂಗಸರು, ಮಕ್ಕಳೂ ಕೊಲೆಯಾದ ಸುದ್ದಿ ಹರಡಿದಾಗ ಇಂಗ್ಲಿಷರ ನಡುವೆ ಸೇಡಿನ ಕೂಗು ಎದ್ದಿತು. ಪೇಶಾವರದಲ್ಲಿ ಜೂನ್ ತಿಂಗಳಲ್ಲಿ 40 ಸಿಪಾಯಿಗಳನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಾಯಿತು. ಜಾನ್ ನಿಕಲ್ಸನ್ ಎಂಬ ಸೇನಾಧಿಕಾರಿ ಇನ್ನೂ ಮುಂದೆ ಹೋಗಿ, ಹೆಂಗಸರು ಮಕ್ಕಳನ್ನು ಕೊಂದವರನ್ನು ಜೀವಂತ ಚರ್ಮ ಸುಲಿಯಲು, ಶೂಲಕ್ಕೇರಿಸಲು ಅಥವಾ ಸುಡಲು ಕಾನೂನು ಮಾಡಬೇಕೆಂದು ಪತ್ರ ಬರೆದರು. ಚಿತ್ರಹಿಂಸೆಗೆ ಆಧಾರವಾಗಿ ಅವರು ತೋರಿಸಿದ್ದು ಬೈಬಲನ್ನೇ. ತಪ್ಪಿಗೆ ತಕ್ಕಷ್ಟು ಪೆಟ್ಟು ಎಂಬ ಮಾತನ್ನು. ಇನ್ನೊಂದು ಕಡೆ, ಅದೇ ಕ್ರೈಸ್ತ ಸಮಾಜದವರಾದ ಗವರ್ನರ್ ಜನರಲ್ ಕ್ಯಾನಿಂಗ್ 1857ರ ಜುಲೈ 31ರಂದು ಆಜ್ಞೆ ಹೊರಡಿಸಿ, ಕೊಲೆಗಾರರನ್ನೂ ಸುಮ್ಮನೆ ಪಡೆ ತೊರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದೆಂದರು. ಅದಕ್ಕಾಗಿ ಸ್ವಜನರೇ ಅವರನ್ನು ದಯಾಳು ಕ್ಯಾನಿಂಗ್ ಎಂದು ಅಣಕಿಸಿದರು. ಅಕ್ಟೋಬರ್ 7ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಉಪವಾಸ ಪ್ರಾರ್ಥನೆಯ ದಿನ ಆಚರಿಸಿದಾಗ ಪ್ರವಚನ ಪೀಠಗಳಿಂದಲೂ ಎರಡು ಬಗೆಯ ದನಿಗಳು ಕೇಳಿಬಂದವು.

ಟೇಲರ್ ಯಾವ ಕಡೆ? ಆ ವರ್ಷ ಅವರನ್ನು ಬೀರಾರಿನ ಬುಲ್ಡಾಣಕ್ಕೆ ಕಳುಹಿಸಲಾಗಿತ್ತು. ಅಲ್ಲಿ ಅವರ ಕೈಯಲ್ಲಿ ಸೈನ್ಯವಿರಲಿಲ್ಲ. ಜನರ ವಿಶ್ವಾಸವನ್ನೇ ನಂಬಿ ಆ ಪ್ರದೇಶವನ್ನು ಶಾಂತವಾಗಿ ಉಳಿಸಿಕೊಂಡರು. ಹಾಗೆಂದು ಅವರು ಯುದ್ಧವನ್ನು ವಿರೋಧಿಸಲಿಲ್ಲ. ಕಂಪನಿಯ ಆಳ್ವಿಕೆ ನ್ಯಾಯವಾದುದೆಂದೇ ಅವರ ನಂಬಿಕೆಯಾಗಿತ್ತು.

ಅವರ ನಿಜವಾದ ಪರೀಕ್ಷೆ ನಡೆದದ್ದು ಸುರಪುರದ ವಿಷಯದಲ್ಲಿ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತರು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ರಾಜರು ಕೋಟೆ ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಕನ್ನಡ ನಾಡು ಇಂದು ಅವರನ್ನು ಸ್ವಾತಂತ್ರ್ಯ ವೀರರೆಂದು ಗೌರವಿಸುತ್ತದೆ. ಟೇಲರ್ ಅವರ ಕಣ್ಣಿಗೆ ಮಾತ್ರ ಅವರು ಕೆಟ್ಟ ಸಲಹೆಗಾರರಿಂದ ದಾರಿ ತಪ್ಪಿದ ಮಗ.

ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡ ರಾಜರು ಅಪ್ಪಿಕೊಂಡು ಅತ್ತರೆಂದು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪ್ರೇರೇಪಿಸಿದವರ ಹೆಸರುಗಳು ರೆಸಿಡೆಂಟರಿಗೆ ಬೇಕಾಗಿದ್ದವು. ಹೆಸರು ಹೇಳಿದರೆ ಕ್ಷಮೆಯ ದಾರಿ ತೆರೆಯಬಹುದಿತ್ತು. ರಾಜರು ಒಪ್ಪಲಿಲ್ಲ. ಪ್ರಾಣಕ್ಕಾಗಿ ಬೇರೆಯವರನ್ನು ಹಿಡಿದುಕೊಡಲಾರೆ, ಕಳ್ಳನಂತೆ ನೇಣಿಗೆ ಹಾಕುವ ಬದಲು ಫಿರಂಗಿಗೆ ಕಟ್ಟಿ ಹಾರಿಸಲಿ ಎಂಬುದು ಅವರ ನಿಲುವಾಗಿತ್ತು. ಅವರಿಗೆ ಮರಣದಂಡನೆ ವಿಧಿಸಲಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದರು. ಕ್ಯಾನಿಂಗ್ ಅದನ್ನೂ ಇಳಿಸಿ, ಮದರಾಸಿನ ಬಳಿಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯನ್ನಷ್ಟೇ ಉಳಿಸಿದರು. ಟೇಲರ್ ಅವರಿಗಾದ ಸಂತೋಷ ಬಹುಕಾಲ ಬಾಳಲಿಲ್ಲ. ಸೆರೆಗೆ ಹೊರಟ ದಾರಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜರು ಸತ್ತರು. ಆಗ ಅವರಿಗೆ ವಯಸ್ಸು 24ರ ಆಸುಪಾಸು. ಸುರಪುರದಲ್ಲಿ ಅರಸೊತ್ತಿಗೆ ಮುಗಿದು, 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು.

ಟೇಲರ್ ಅವರ ಬಾಳನ್ನು ಹೊಗಳಿಕೆಯಲ್ಲೇ ಮುಗಿಸುವುದು ನ್ಯಾಯವಲ್ಲ. ಅವರು ವೆಂಕಟಪ್ಪನಿಗಾಗಿ ಮರುಗಿದರು, ಏಕೆಂದರೆ ಆ ಹುಡುಗ ಅವರ ಕಣ್ಣೆದುರು ಬೆಳೆದವನು. ಆದರೆ ಬಸವನ ಬಾಗೇವಾಡಿಯಿಂದ ಪಶ್ಚಿಮಕ್ಕೆ, ಮುಧೋಳದ ಹಲಗಲಿಯಲ್ಲಿ, ಆಯುಧ ಒಪ್ಪಿಸಲು ನಿರಾಕರಿಸಿದ 19 ಮಂದಿ ಬೇಡರನ್ನು 1857ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದಾಗ ಅವರನ್ನು ಅಪ್ಪಿಕೊಳ್ಳಲು ಯಾವ ಅಧಿಕಾರಿಯೂ ಹೋಗಲಿಲ್ಲ. ಪರಿಚಿತನಿಗೆ ಕರುಣೆ ತೋರುವುದು ಒಳ್ಳೆಯದು. ಪ್ರಭು ಯೇಸುಕ್ರಿಸ್ತರು ಕೇಳಿದ್ದು ಅದಕ್ಕಿಂತ ಹೆಚ್ಚಿನದು: ವೈರಿಯ ಮೇಲಿನ ಪ್ರೀತಿ, ಮುಖವನ್ನೇ ನೋಡದವನ ಮೇಲಿನ ಪ್ರೀತಿ.

ಈ ವಿಷಯದಲ್ಲಿ ಇಂಗ್ಲಿಷ್ ಅಧಿಕಾರಿಗಳತ್ತ ಬೆರಳು ತೋರಿಸುವ ಮೊದಲು ನಮ್ಮ ಧರ್ಮಸಭೆಯ ಚರಿತ್ರೆಯನ್ನೂ ನೋಡಬೇಕು. ಜಗದ್ಗುರು ಒಂದನೇ ನಿಕೊಲಾಸ್ 866ರಲ್ಲೇ ಬಲ್ಗೇರಿಯರಿಗೆ ಬರೆದ ಪತ್ರದಲ್ಲಿ, ಹಿಂಸಿಸಿ ಪಡೆದ ತಪ್ಪೊಪ್ಪಿಗೆ ದೇವರ ನಿಯಮಕ್ಕೂ ಮನುಷ್ಯರ ನಿಯಮಕ್ಕೂ ವಿರುದ್ಧವೆಂದು ತಿಳಿಸಿದ್ದರು. ಆದರೆ 1252ರಲ್ಲಿ ಜಗದ್ಗುರು ನಾಲ್ಕನೇ ಇನ್ನೊಸೆಂಟ್ ಪಾಷಂಡಿಗಳ ವಿಚಾರಣೆಯಲ್ಲಿ ಅದಕ್ಕೆ ಅನುಮತಿ ಕೊಟ್ಟರು. 1560ರಿಂದ ಗೋವೆಯಲ್ಲಿ ನಡೆದ ಇಂಕ್ವಿಸಿಷನ್ನಿನ ನೆನಪು ನಮ್ಮ ಕರಾವಳಿಗೆ ದೂರದ್ದಲ್ಲ. ಯೇಸುಸಭೆಯ ಫ್ರೆಡ್ರಿಕ್ ಸ್ಪೇ 1631ರಲ್ಲಿ ಚಿತ್ರಹಿಂಸೆಯನ್ನು ಖಂಡಿಸಿ ಪುಸ್ತಕ ಬರೆದಾಗ ಹೆಸರು ಹಾಕದೆ ಪ್ರಕಟಿಸಬೇಕಾಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇಹ ಮನಸ್ಸುಗಳ ಹಿಂಸೆಯನ್ನು ಸ್ಪಷ್ಟವಾಗಿ ಖಂಡಿಸಿತು. ಹಿಂದಿನ ಕಾಲದ ಸಭಾಪಾಲಕರೂ ಇಂಥ ಕ್ರೌರ್ಯವನ್ನು ಸಾಕಷ್ಟು ವಿರೋಧಿಸಲಿಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥವೇ ಒಪ್ಪಿಕೊಂಡಿದೆ. ಯುದ್ಧದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಧರ್ಮಸಭೆ ಅಲ್ಲಗಳೆದಿಲ್ಲ. ಆದರೂ ಇಂದಿನ ಆಯುಧಗಳ ಕಾಲದಲ್ಲಿ ನ್ಯಾಯಯುದ್ಧದ ಮಾತನಾಡುವುದು ಬಹಳ ಕಷ್ಟವೆಂದು ಜಗದ್ಗುರು ಫ್ರಾನ್ಸಿಸ್ 2020ರಲ್ಲಿ ಬರೆದರು.

ಕಾನೂನಿನ ದಾರಿಯೂ ಪೂರ್ತಿಯಾಗಿಲ್ಲ. ಕೆನರಾ ಜಿಲ್ಲೆಯೂ ಸೇರಿದ್ದ ಮದರಾಸು ಪ್ರಾಂತದಲ್ಲಿ ಕಂದಾಯ ವಸೂಲಿಗೂ ಪೊಲೀಸು ವಿಚಾರಣೆಗೂ ಚಿತ್ರಹಿಂಸೆ ನಡೆಯುತ್ತಿದೆಯೆಂದು ಸರಕಾರದ ಆಯೋಗ 1855ರಲ್ಲೇ ವರದಿ ಕೊಟ್ಟಿತ್ತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ.

ಟೇಲರ್ 1860ರಲ್ಲಿ ಅನಾರೋಗ್ಯದಿಂದ ಇಂಗ್ಲೆಂಡಿಗೆ ಮರಳಿದರು. 1857ರ ಕಾಲವನ್ನೇ ಕುರಿತು 1872ರಲ್ಲಿ ಬರೆದ ಕಾದಂಬರಿಯಲ್ಲಿ ಅವರು ಇಂಗ್ಲಿಷ್ ಅಧಿಕಾರಿಗೂ ಹಿಂದೂ ವಿಧವೆಗೂ ಮದುವೆ ಮಾಡಿಸಿದರು. ವಿಜಯಪುರದ ಚಾಂದಬೀಬಿಯ ಕಥೆಯನ್ನೂ ಬರೆದರು. 1875ರಲ್ಲಿ ಮತ್ತೆ ಹೈದರಾಬಾದಿಗೆ ಬಂದರು, ದೃಷ್ಟಿ ಕಳೆದುಕೊಂಡರು. ತಾಯ್ನಾಡಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ನಿಧನರಾದರು.

ಪ್ರಿಯ ಓದುಗರೇ, 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದವರ ಸಂತತಿ ನಾವು. ನೋವುಂಡವರಿಗೆ ಸೇಡಿನ ಮಾತು ಸುಲಭವಾಗಿ ರುಚಿಸುತ್ತದೆ. ಠಾಣೆಯಲ್ಲಿ ಆರೋಪಿಗೆ ಏಟು ಬಿತ್ತೆಂದು ಕೇಳಿ, ಹಾಗೇ ಆಗಬೇಕಿತ್ತು ಎಂದು ನಮ್ಮ ಚರ್ಚಿನ ಅಂಗಳದಲ್ಲೂ ಯಾರಾದರೂ ಹೇಳಬಹುದು. ಅಂಥ ಹೊತ್ತಿನಲ್ಲಿ ಆ ಆರೋಪಿಯೂ ಯಾರನ್ನೋ ಅಪ್ಪ ಎಂದು ಕರೆದವನೇ ಎಂಬುದನ್ನು ನಾವು ನೆನೆಯೋಣ. ನಮ್ಮ ಕಿರುಸಮುದಾಯದ ಕೂಟಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನಮ್ಮ ಆಶಯ.