ಗೌಹರ್ ಜಾನ್ ಹಾಡಿದ್ದು ಮೈಕಿಗಲ್ಲ! ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಅವರ ಬದುಕಿನಲ್ಲಿದೆ ಪಾಠ

ಭಾರತದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ಬಗ್ಗೆ ನಿಮ್ಮ ವಾಟ್ಸ್‌ಆ್ಯಪ್‌ಗೂ ಒಂದಲ್ಲ ಒಂದು ಸಂದೇಶ ಬಂದಿರಬಹುದು. ದೇಶದಲ್ಲಿ ಮೊದಲು ರೆಕಾರ್ಡ್ ಆದ ದನಿ ಅವರದೇ ಎಂದು ಕೆಲವರು ಹೇಳುತ್ತಾರೆ. ಹಾಡಿನ ಕೊನೆಯಲ್ಲಿ ಹೆಮ್ಮೆಯಿಂದ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು ಎಂದು ಇನ್ನು ಕೆಲವರು. ಮೈಕಿನ ಮುಂದೆ ಹಾಡಿ ಲೋಕ ಗೆದ್ದರು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದು ನಿಜ? ಅವರ ಬದುಕನ್ನೇ ನೋಡುತ್ತಾ ಹೋಗೋಣ. ಮನೆಯಲ್ಲೇ ಹಾಡು, ಪಾಡ್‌ಕಾಸ್ಟ್ ರೆಕಾರ್ಡ್ ಮಾಡಲು ಮೈಕ್ ಹುಡುಕುತ್ತಿರುವವರಿಗೂ ಇದರಲ್ಲಿ ಉಪಯೋಗದ ಮಾತಿದೆ.

ಏಂಜಲಿನಾ ಗೌಹರ್ ಆದದ್ದು ಹೇಗೆ?

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಮೊದಲ ಹೆಸರು ಏಂಜಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದ ಎಂಜಿನಿಯರ್, ತಾಯಿ ವಿಕ್ಟೋರಿಯಾ ಸಂಗೀತ, ನೃತ್ಯ ಬಲ್ಲವರು. ಮಗಳು ಚಿಕ್ಕವಳಿದ್ದಾಗಲೇ ತಂದೆ-ತಾಯಿ ಬೇರೆಯಾದರು. ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಹೋದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮಕ್ಕೆ ಸೇರಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು.

1883ರ ಹೊತ್ತಿಗೆ ಇಬ್ಬರೂ ಕಲ್ಕತ್ತಾಗೆ ಬಂದರು. ಅವಧ್‌ನ ಪದಚ್ಯುತ ನವಾಬ ವಾಜಿದ್ ಅಲಿ ಶಾ ಆಗ ಅಲ್ಲಿನ ಮಟಿಯಾಬುರ್ಜ್‌ನಲ್ಲಿದ್ದರು. ಮಲ್ಕಾ ಜಾನ್ ಅವರ ಆಶ್ರಯದಲ್ಲಿ ಹಾಡುತ್ತಿದ್ದರು. ಮಗಳು ಹಿಂದೂಸ್ತಾನಿ ಗಾಯನ, ಕಥಕ್, ಬಂಗಾಳಿ ಕೀರ್ತನೆ ಎಲ್ಲವನ್ನೂ ಕಲಿತಳು. 1887ರಲ್ಲಿ ದರ್ಭಾಂಗಾ ಸಂಸ್ಥಾನದಲ್ಲಿ ಮೊದಲ ಕಛೇರಿ ಕೊಟ್ಟಳು. ಆಗ ಅವಳಿಗಿನ್ನೂ 14 ವರ್ಷ.

ಹೋಟೆಲ್ ಕೋಣೆಯೇ ಸ್ಟುಡಿಯೋ

1902ರ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ರೆಕಾರ್ಡಿಂಗ್ ತಜ್ಞರನ್ನು ಕಲ್ಕತ್ತಾಗೆ ಕಳಿಸಿತು. ಅವರು ಹೋಟೆಲೊಂದರಲ್ಲಿ ತಾತ್ಕಾಲಿಕ ಸ್ಟುಡಿಯೋ ಮಾಡಿಕೊಂಡರು. ಇಂದಿನ ಮಾತಿನಲ್ಲಿ ಅದೂ ಒಂದು ಹೋಮ್ ಸ್ಟುಡಿಯೋ! ಅಲ್ಲಿ ಮೊದಲು ಹಾಡಿದ್ದು ಗೌಹರ್ ಅಲ್ಲ, ಬಂಗಾಳಿ ರಂಗಭೂಮಿಯ ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ಹುಡುಗಿಯರು. ಕೆಲವು ದಿನಗಳ ನಂತರ, ನವೆಂಬರಿನಲ್ಲಿ, ಗೌಹರ್ ಬಂದರು. ಹಾಗಾಗಿ ಮೊದಲು ರೆಕಾರ್ಡ್ ಆದ ದನಿ ಅವರದು ಎನ್ನುವುದು ತಪ್ಪು. ಮೊದಲ ದೊಡ್ಡ ತಾರೆ ಅವರು ಎನ್ನುವುದು ಸರಿ.

ಆ ಕೋಣೆಯಲ್ಲಿ ಮೈಕ್ ಇರಲಿಲ್ಲ. ಆಂಪ್ಲಿಫೈಯರ್ ಇರಲಿಲ್ಲ. ಕರೆಂಟಿನ ಸಹಾಯದಿಂದ ಹಾಡು ಮುದ್ರಿಸುವ ವಿಧಾನವೇ ಇನ್ನೂ ಬಂದಿರಲಿಲ್ಲ. ಇದ್ದದ್ದು ಒಂದು ದೊಡ್ಡ ಕೊಳವೆ, ಅಂದರೆ ಹಾರ್ನ್. ಅದರ ಅಗಲವಾದ ಬಾಯಿಗೆ ಮುಖವಿಟ್ಟು ಹಾಡಬೇಕು. ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ, ಅದಕ್ಕೆ ಜೋಡಿಸಿದ ಸೂಜಿ. ಹಾಡಿದಾಗ ಪೊರೆ ನಡುಗುತ್ತದೆ, ಸೂಜಿ ಅಲುಗುತ್ತದೆ, ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ.

ಆ ಗೆರೆ ಕೊರೆಯುವ ಶಕ್ತಿ ಎಲ್ಲಿಂದ ಬರುತ್ತಿತ್ತು? ಗಾಯಕಿಯ ಉಸಿರಿನಿಂದಲೇ. ಮೆಲ್ಲಗೆ ಹಾಡಿದರೆ ಗೆರೆ ಮೂಡುವುದಿಲ್ಲ. ಜೋರಾದರೆ ಸೂಜಿ ಎಗರಿ ತಟ್ಟೆಯೇ ಹಾಳು. ಆದ್ದರಿಂದ ಆ ಕಾಲದ ಗಾಯಕರು ಮೆಲುದನಿಗೆ ಹಾರ್ನ್ ಹತ್ತಿರ ಬರಬೇಕಿತ್ತು, ತಾರಸ್ಥಾಯಿಗೆ ಹಿಂದೆ ಸರಿಯಬೇಕಿತ್ತು. ತಪ್ಪಾದರೆ ಆ ಮೇಣ ಬಿಸಾಡಿ ಮೊದಲಿನಿಂದ ಹಾಡಬೇಕು. ಕಟ್ ಮಾಡಿ ಅಂಟಿಸುವ ಮಾತೇ ಇಲ್ಲ.

ಸಮಯವೂ ಕಡಿಮೆ. 10 ಇಂಚಿನ ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಗಂಟೆಗಟ್ಟಲೆ ಬೆಳೆಸುವ ಸಂಗೀತವನ್ನು ಅಷ್ಟರಲ್ಲೇ ಮುಗಿಸುವುದು ಹೇಗೆ? ಗೌಹರ್ ಗೆದ್ದದ್ದು ಇಲ್ಲೇ. ರಾಗದ ರೂಪವನ್ನು ಬೇಗ ತೋರಿಸಿ, ಚುರುಕಾದ ತಾನಗಳನ್ನು ಸೇರಿಸಿ, ಸರಿಯಾಗಿ ಸಮಯಕ್ಕೆ ನಿಲ್ಲಿಸುವುದನ್ನು ಅವರು ಕರಗತ ಮಾಡಿಕೊಂಡರು. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿದರು ಎಂಬ ಲೆಕ್ಕವಿದೆ.

ಹೆಸರು ಹೇಳುತ್ತಿದ್ದದ್ದು ಗರ್ವಕ್ಕಾ?

ಹಾಡು ಮುಗಿದ ಕೂಡಲೇ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದದ್ದು ನಿಜ. ಆದರೆ ಅದಕ್ಕೊಂದು ಸರಳ ಕಾರಣವಿತ್ತು. ಕೊರೆದ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಹಿಂದಿಯೂ ಗೊತ್ತಿಲ್ಲ, ಬಂಗಾಳಿಯೂ ಗೊತ್ತಿಲ್ಲ. ಯಾವ ತಟ್ಟೆ ಯಾರದೆಂದು ತಿಳಿದು ಸರಿಯಾದ ಲೇಬಲ್ ಅಂಟಿಸಲು ಆ ಘೋಷಣೆ ಬೇಕಿತ್ತು. ಅಲಹಾಬಾದಿನ ಜಾನಕಿ ಬಾಯಿ ಅವರಂಥ ಇತರ ಗಾಯಕಿಯರೂ ಹೀಗೆಯೇ ಹೆಸರು ಹೇಳಿದ್ದಾರೆ. ಇಂದು ನಾವು ಆಡಿಯೊ ಫೈಲಿಗೆ ಹೆಸರು ಕೊಡುತ್ತೇವಲ್ಲ, ಅಂಥದ್ದೇ ಕೆಲಸ ಇದು.

ಹಾಗಂತ ಅವರಿಗೆ ಠೀವಿ ಇರಲಿಲ್ಲ ಎಂದಲ್ಲ. ರೆಕಾರ್ಡಿಂಗ್‌ಗೆ ಬಂದಾಗಲೆಲ್ಲ ಹೊಸ ಉಡುಗೆ, ಹೊಸ ಒಡವೆ ಇರುತ್ತಿತ್ತೆಂದು ಗೈಸ್‌ಬರ್ಗ್ ನೆನಪಿಸಿಕೊಂಡಿದ್ದಾರೆ. ಬೆಂಕಿಪೊಟ್ಟಣಗಳ ಮೇಲೂ ಗೌಹರ್ ಚಿತ್ರ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಜಾನಕಿ ಬಾಯಿ ಜೊತೆ ಐದನೇ ಜಾರ್ಜ್ ಎದುರು ಹಾಡಿದರು.

ಮೈಕ್ ಬಂದದ್ದು ಯಾವಾಗ?

ಮೈಕ್ ಮತ್ತು ಆಂಪ್ಲಿಫೈಯರ್ ಬಳಸಿ ಗ್ರಾಮಫೋನ್ ತಟ್ಟೆ ಮಾಡುವ ಪದ್ಧತಿ ಶುರುವಾದದ್ದು 1925ರಲ್ಲಿ. ಅಷ್ಟರಲ್ಲಿ ಗೌಹರ್ ಅವರ ರೆಕಾರ್ಡಿಂಗ್ ಕಾಲ ಮುಗಿದಿತ್ತು. ಮನುಷ್ಯರ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸಿಕೊಂಡರೆ, ಹಾರ್ನ್ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್ ಮಾತ್ರ. ಅವರ ಹಳೆಯ ತಟ್ಟೆಗಳಲ್ಲಿ ದನಿ ಕೀರಲಾಗಿ ಕೇಳಿಸಲು ಇದೂ ಕಾರಣ. ದೋಷ ಕಂಠದ್ದಲ್ಲ, ಕೊಳವೆಯದು.

ಮೈಕ್ ಬಂದ ಮೇಲೆ ಏನು ಬದಲಾಯಿತು? ಗೆರೆ ಕೊರೆಯುವ ಭಾರ ಗಾಯಕರ ಉಸಿರಿನಿಂದ ಕರೆಂಟಿನ ಹೆಗಲಿಗೆ ಹೋಯಿತು. ಮೈಕ್ ಕೊಡುವ ಸಿಗ್ನಲ್ ತುಂಬಾ ಸಣ್ಣದು, ಕೆಲವೇ ಮಿಲಿವೋಲ್ಟ್. ಅದನ್ನು ಕೆಲಸಕ್ಕೆ ಬರುವ ಮಟ್ಟಕ್ಕೆ ಏರಿಸುವುದೇ ಪ್ರಿಆ್ಯಂಪ್. 60 ಡೆಸಿಬಲ್ ಗೇನ್ ಎಂದರೆ ವೋಲ್ಟೇಜನ್ನು ಸಾವಿರ ಪಟ್ಟು ಹೆಚ್ಚಿಸಿದಂತೆ. ಆದರೆ ಪ್ರಿಆ್ಯಂಪ್‌ಗೆ ನಿಮ್ಮ ದನಿ ಯಾವುದು, ಫ್ಯಾನಿನ ಸದ್ದು ಯಾವುದು ಎಂಬುದು ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಸಮ ಹೆಚ್ಚಿಸುತ್ತದೆ.

ಹಾಗಾದರೆ ಯಾವ ಮೈಕ್ ಕೊಳ್ಳಬೇಕು?

- ಮೊದಲು ದೂರ ಸರಿಮಾಡಿ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಕಡಿಮೆ ಅಂತರ ಇರಲಿ. ಅಂತರ ಅರ್ಧವಾದರೆ ನಿಮ್ಮ ದನಿಯ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಇದಕ್ಕೆ ಖರ್ಚಿಲ್ಲ.
- ರಸ್ತೆ ಸದ್ದು, ಕುಕ್ಕರ್ ವಿಷಲ್ ಕೇಳಿಸುವ ಮನೆಯಾದರೆ ಡೈನಾಮಿಕ್ ಮೈಕ್ ಸಾಕು. ಅದನ್ನು ಬಾಯಿಗೆ ಹತ್ತಿರ ಹಿಡಿದು ಬಳಸಬೇಕು, ಪ್ರಿಆ್ಯಂಪ್‌ನಲ್ಲಿ ಗೇನ್ ಹೆಚ್ಚು ಬೇಕು.
- ಕೋಣೆ ಸದ್ದಿಲ್ಲದೆ ಇದ್ದರೆ ಕಂಡೆನ್ಸರ್ ಮೈಕ್ ಸೂಕ್ಷ್ಮಗಳನ್ನು ಚೆನ್ನಾಗಿ ಹಿಡಿಯುತ್ತದೆ. ಸ್ಟುಡಿಯೋ ಕಂಡೆನ್ಸರ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಇಂಟರ್‌ಫೇಸ್‌ನಲ್ಲಿ ಆ ಬಟನ್ ಇದೆಯೇ ನೋಡಿಕೊಳ್ಳಿ.
- ಬೇರೆ ಪ್ರಿಆ್ಯಂಪ್ ಕೊಳ್ಳಲು ಅವಸರ ಬೇಡ. ಆಡಿಯೊ ಇಂಟರ್‌ಫೇಸ್ ಒಳಗೇ ಪ್ರಿಆ್ಯಂಪ್ ಇರುತ್ತದೆ. ಗೇನ್ ಪೂರ್ತಿ ಏರಿಸಿದಾಗ ಹಿಸ್ ಎಂಬ ಸದ್ದು ದನಿಯನ್ನು ಮುಚ್ಚುತ್ತಿದ್ದರೆ ಮಾತ್ರ ಮುಂದಿನ ಯೋಚನೆ.
- ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆ ಎನ್ನುವುದು ಸುಳ್ಳು. ಕೋಣೆಯ ಪ್ರತಿಧ್ವನಿ ತಗ್ಗಿಸಲು ದಪ್ಪ ರಜಾಯಿ, ಹಾಸಿಗೆ, ಬಟ್ಟೆ ತುಂಬಿದ ಬೀರು ಹೆಚ್ಚು ಉಪಯೋಗ.

ಕೊನೆಯ ದಿನಗಳು ಮೈಸೂರಿನಲ್ಲಿ

ಇಷ್ಟೆಲ್ಲ ಗಳಿಸಿದ ಗೌಹರ್ ಅವರ ಕೊನೆಗಾಲ ಸುಖದ್ದಾಗಿರಲಿಲ್ಲ. ಆಸ್ತಿಗಾಗಿ ಕೋರ್ಟು ಅಲೆದರು, ನಂಬಿದವರಿಂದಲೇ ನೊಂದರು, ಹಣ ಕರಗಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿಗೆ ಕರೆಸಿಕೊಂಡು, 1928ರ ಆಗಸ್ಟ್‌ನಲ್ಲಿ ಅರಮನೆಯ ಗಾಯಕಿಯಾಗಿ ನೇಮಿಸಿದರು. ಒಂದೂವರೆ ವರ್ಷವೂ ತುಂಬುವ ಮೊದಲೇ, 1930ರ ಜನವರಿ 17ರಂದು ಮೈಸೂರಿನಲ್ಲೇ ಅವರು ತೀರಿಕೊಂಡರು.

ಮನೆ, ಒಡವೆ, ಗಾಡಿ ಯಾವುದೂ ಉಳಿಯಲಿಲ್ಲ. ಉಳಿದದ್ದು ಆ ಮೂರು ಮೂರು ನಿಮಿಷದ ಹಾಡುಗಳು, ಕೊನೆಯಲ್ಲಿ ಲೇಬಲ್ಲಿಗಾಗಿ ಹೇಳಿದ ಆ ಹೆಸರು. ಅದೂ ಒಂದು ಕೊಳವೆ, ಒಂದು ಸೂಜಿಯಿಂದ ಉಳಿದದ್ದು. ನಮ್ಮ ಕೈಯಲ್ಲಿರುವ ಸಾಮಾನ್ಯ ಫೋನಿನ ಮೈಕ್ ಕೂಡ ಆ ಹಾರ್ನ್‌ಗಿಂತ ಎಷ್ಟೋ ಚೆನ್ನಾಗಿ ದನಿ ಹಿಡಿಯುತ್ತದೆ. ದುಬಾರಿ ಮೈಕ್ ಬರಲಿ, ಆಮೇಲೆ ಹಾಡುತ್ತೇನೆ ಎಂದು ಕಾಯಬೇಡಿ. ಮನೆಯ ಅಜ್ಜಿಯ ಹಾಡನ್ನು ಇಂದೇ ರೆಕಾರ್ಡ್ ಮಾಡಿ: ಫ್ಯಾನ್ ಆರಿಸಿ, ಫೋನನ್ನು ಹತ್ತಿರ ಹಿಡಿಯಿರಿ. ಹಾಡಿನ ಕೊನೆಯಲ್ಲಿ ಅಜ್ಜಿಯ ಹೆಸರನ್ನೂ ಅವರ ಬಾಯಲ್ಲೇ ಹೇಳಿಸಿ.