ಮೀನಿನ ಮುಳ್ಳಿನಂಥ ಆಂಟೆನಾ: ಹೆಸರು ಯಾಗಿಯದು, ಕೈಕೆಲಸ ಯಾರದು?

ಡಿಶ್ ಬರುವ ಮೊದಲು ಮಲೆನಾಡಿನಲ್ಲಿ ಟಿವಿ ನೋಡಿದವರಿಗೆ ಇದು ನೆನಪಿರುತ್ತದೆ. ಎತ್ತರದ ಗಳಕ್ಕೆ ಕಟ್ಟಿದ ಅಲ್ಯೂಮಿನಿಯಂ ಆಂಟೆನಾವನ್ನು ಒಬ್ಬರು ತಿರುಗಿಸುವುದು, ಚಿತ್ರ ಬಂತೋ ಹೋಯಿತೋ ಎಂದು ಇನ್ನೊಬ್ಬರು ಒಳಗಿನಿಂದ ಕೂಗುವುದು. ಅದೇ ಯಾಗಿ ಆಂಟೆನಾ.

ಹಿದೆತ್ಸುಗು ಯಾಗಿ 1886ರಲ್ಲಿ ಜಪಾನಿನ ಒಸಾಕಾದಲ್ಲಿ ಹುಟ್ಟಿದರು. ಟೋಕಿಯೊದಲ್ಲಿ ಎಂಜಿನಿಯರಿಂಗ್ ಓದಿ, ಜರ್ಮನಿ, ಇಂಗ್ಲೆಂಡ್, ಅಮೆರಿಕಗಳಲ್ಲಿ ಕಲಿತು, ಸೆಂಡೈನ ತೊಹೊಕು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆದರೆ ಕಡ್ಡಿಗಳ ಉದ್ದ, ಅಂತರ ಬದಲಿಸುತ್ತಾ ಪ್ರಯೋಗ ಮಾಡಿದ್ದು ಬಹುಪಾಲು ಅವರ ಸಹಾಯಕ ಶಿಂತಾರೊ ಉದಾ. ಉದಾ 1926ರಲ್ಲಿ ಜಪಾನಿ ಭಾಷೆಯಲ್ಲಿ ಬರೆದರು, ಯಾಗಿ 1928ರಲ್ಲಿ ಇಂಗ್ಲಿಷಿನಲ್ಲಿ. ಜಗತ್ತು ಓದಿದ್ದು ಇಂಗ್ಲಿಷಿನದನ್ನು. ಅದರಲ್ಲಿ ಉದಾ ಕೆಲಸವನ್ನು ಯಾಗಿ ಹೇಳಿದ್ದರು, ಆದರೂ ಜನರ ಬಾಯಲ್ಲಿ ಉಳಿದದ್ದು ಒಂದೇ ಹೆಸರು. ಪೇಟೆಂಟ್ ಕೂಡ ಯಾಗಿ ಹೆಸರಿನಲ್ಲೇ ಇತ್ತು.

ಕಡ್ಡಿ ಹೆಚ್ಚಿದಷ್ಟೂ ಎಲ್ಲ ಕಡೆಯ ಸಿಗ್ನಲ್ ಎಳೆಯುತ್ತದೆ ಎನ್ನುವುದು ತಪ್ಪು. ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಹಿಂದಿನದು ಸ್ವಲ್ಪ ಉದ್ದ, ಮುಂದಿನವು ಸ್ವಲ್ಪ ಗಿಡ್ಡ. ಇವೆಲ್ಲ ಸೇರಿ ಶಕ್ತಿಯನ್ನು ಒಂದು ದಿಕ್ಕಿಗೆ ಕೂಡಿಸುತ್ತವೆ, ಹೊಸದಾಗಿ ಹುಟ್ಟಿಸುವುದಿಲ್ಲ. ಬೇರೆ ಕಡೆ ತಿರುಗಿಸಿದರೆ ಬರಿ ಒಂದು ಕಡ್ಡಿಗಿಂತಲೂ ಕಡಿಮೆ ಸಿಗುತ್ತದೆ.

ಹ್ಯಾಮ್ ರೇಡಿಯೊ ಹವ್ಯಾಸಿಗಳು ಇದನ್ನು ಪಿವಿಸಿ ಪೈಪ್, ಹಳೆಯ ಸ್ಟೀಲ್ ಅಳತೆ ಟೇಪಿನಲ್ಲೇ ಮಾಡುತ್ತಾರೆ. 145 ಮೆಗಾಹರ್ಟ್ಸ್‌ಗೆ ಮುಖ್ಯ ಕಡ್ಡಿ ಸುಮಾರು 1 ಮೀಟರ್. ದೂರದಿಂದ ಗೆಳೆಯರೊಬ್ಬರು ಸಣ್ಣ ಶಕ್ತಿಯಲ್ಲಿ ಕಳಿಸುತ್ತಿರಲಿ, ನೀವು ಆಂಟೆನಾ ತಿರುಗಿಸುತ್ತಾ ಮೀಟರ್ ನೋಡಿ. ಲಿಂಗನಮಕ್ಕಿ ಸುತ್ತಲಿನಂಥ ಗುಡ್ಡದ ಜಾಗದಲ್ಲಿ ಅಲೆ ಗುಡ್ಡಕ್ಕೆ ಬಡಿದು ಬಂದರೆ ತಪ್ಪು ದಿಕ್ಕೂ ಸರಿ ಎನಿಸೀತು. ಬಯಲಿನಲ್ಲಿ ಇನ್ನೊಮ್ಮೆ ನೋಡಿ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಗಳ ಎತ್ತಲೇಬೇಡಿ. ಪ್ರಸಾರಕ್ಕೆ ಲೈಸೆನ್ಸ್ ಬೇಕು.

ಜಪಾನಿನಲ್ಲೇ ಈ ಆಂಟೆನಾಕ್ಕೆ ಬೆಲೆ ಸಿಕ್ಕಿರಲಿಲ್ಲ. 1942ರಲ್ಲಿ ಸಿಂಗಪುರ ಗೆದ್ದ ಜಪಾನಿ ಸೇನೆಗೆ ಬ್ರಿಟಿಷರ ರೇಡಾರ್ ಟಿಪ್ಪಣಿ ಸಿಕ್ಕಿತು. ಅದರಲ್ಲಿದ್ದ ಯಾಗಿ ಎಂಬ ಪದ ಅವರಿಗೆ ತಿಳಿಯಲಿಲ್ಲ. ಅದು ಅವರದೇ ದೇಶದವರ ಹೆಸರೆಂದು ಹೇಳಿದ್ದು ಸೆರೆಸಿಕ್ಕ ಬ್ರಿಟಿಷ್ ಸೈನಿಕ!

ಯುದ್ಧದ ನಂತರ ಯಾಗಿ ಒಸಾಕಾ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, ಸಂಸತ್ತಿಗೂ ಹೋದರು. ಉದಾ ನಮ್ಮ ದೇಶಕ್ಕೇ ಬಂದರು: 1955ರಿಂದ 1958ರವರೆಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಯುನೆಸ್ಕೊ ತಜ್ಞರಾಗಿದ್ದರು. ಇಬ್ಬರೂ ತೀರಿಕೊಂಡದ್ದು 1976ರಲ್ಲಿ. ಈಗ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ಯಾಗಿ-ಉದಾ ಆಂಟೆನಾ.